ಕೆಳಗೆ ಬಿದ್ದಲ್ಲಿಂದಲೇ ನಮ್ಮ ಪ್ರಾಕ್ಟೀಸ್ ಶುರು

ನಾವು ಎಂಎಂಎ, ಅಂದರೆ ಮಿಕ್ಸ್‌ಡ್ ಮಾರ್ಷಲ್ ಆರ್ಟ್ಸ್ ಆಡುವವರು. ನಮ್ಮಲ್ಲಿ ಸ್ಪಾರಿಂಗ್, ಅಂದರೆ ಅಭ್ಯಾಸದ ಕಾದಾಟ, ಶುರುವಾಗುವುದು ಎದುರುಬದುರು ನಿಂತು ಕೈ ತಟ್ಟಿಕೊಂಡಲ್ಲ. ಒಬ್ಬ ಕೆಳಗೆ ಬಿದ್ದಿರುತ್ತಾನೆ. ಇನ್ನೊಬ್ಬ ಅವನ ಎದೆ ಮೇಲೆ ಕೂತಿರುತ್ತಾನೆ, ಇಲ್ಲವೇ ಬೆನ್ನಿಗೆ ಅಂಟಿಕೊಂಡು ಕುತ್ತಿಗೆಗೆ ಕೈ ಹಾಕಿರುತ್ತಾನೆ. ಆಮೇಲೆ ನಮ್ಮ ಕೋಚ್ ಸರ್ ಟೈಮರ್ ಒತ್ತುತ್ತಾರೆ. ಮ್ಯಾಟ್‌ಗೆ ಇಳಿಯುವ ಮುಂಚೆ ಅವರು ಎಲ್ಲರಿಗೂ ಕೇಳುವುದು ಒಂದೇ ಪ್ರಶ್ನೆ: "ಇವತ್ತು ನಿಂಗೆ ಯಾವ ಜಾಗ ಬೇಡ?" ಬೇಡ ಅಂದ ಜಾಗದಿಂದಲೇ ಅವತ್ತಿನ ಕೆಲಸ.

ಎಂಎಂಎ ಆಡುವ ಹುಡುಗರಿಗೆ ಜನ ಜಾಸ್ತಿ ಕೇಳುವುದು ಮನಸ್ಸಿನ ಬಗ್ಗೆ. ಸೋತರೂ ಹೇಗೆ ಖುಷಿಯಾಗಿರ್ತೀಯ, ಹೆದರಿಕೆ ಆಗಲ್ವಾ, ಪಾಸಿಟಿವ್ ಆಗಿರೋದು ಹೇಗೆ ಅಂತ. ಕನ್ನಡಿ ಮುಂದೆ ನಿಂತು "ನಾನು ಗೆಲ್ತೀನಿ" ಅಂತ ಹೇಳಿಕೊಂಡರೆ ನನಗೆ ಏನೂ ಆಗಿಲ್ಲ. ನನಗೆ ಧೈರ್ಯ ಬಂದದ್ದು ಆ ಬೇಡದ ಜಾಗದಲ್ಲಿ ದಿನಾ ಬಿದ್ದು, ಅಲ್ಲಿಂದ ಏಳುವ ದಾರಿ ಕೈಗೆ ಹತ್ತಿದ ಮೇಲೆ. ಅದು ಹೇಗಾಯಿತು ಅಂತ ಬರೀತೀನಿ.

ನಾನು ಸೋಮವಾರಪೇಟೆ ಕಡೆಯವನು. ವಯಸ್ಸು 22. ಅಪ್ಪನಿಗೆ ಒಂದಿಷ್ಟು ಕಾಫಿ, ಮೆಣಸು ಇದೆ. ಕೊಡಗಿನಲ್ಲಿ ಹುಟ್ಟಿದ ಮೇಲೆ ಹಾಕಿ ಸ್ಟಿಕ್ ಹಿಡಿಯದೆ ಇರೋಕೆ ಆಗುತ್ತಾ? 1997ರಲ್ಲಿ ಕರಡದಲ್ಲಿ ಪಾಂಡಂಡ ಕಪ್ ಅಂತ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಸೇರುವಷ್ಟು ಬೆಳೆಯಿತು. ಸ್ಕೂಲಿನಲ್ಲಿ ನಾನೂ ಡಿಫೆನ್ಸ್‌ನಲ್ಲಿ ಆಡುತ್ತಿದ್ದೆ. ಓದೋಕೆ ಮೈಸೂರಿಗೆ ಹೋದೆ. ರೂಮಿನ ಹತ್ತಿರವೇ ಒಂದು ಗರಡಿ ಮನೆ ಇತ್ತು. ಸುಮ್ನೆ ನೋಡೋಕೆ ಅಂತ ಹೋದವನು ಅಲ್ಲೇ ಉಳಿದೆ. ಬೆಳಗಿನ ಜಾವ ಕೆಂಪು ಮಣ್ಣು ಅಗೆದು ಹದ ಮಾಡೋದು, ದಂಡೆ, ಬಸ್ಕಿ, ಆಮೇಲೆ ಪಟ್ಟು. ಮೈಗೆ ಹತ್ತಿದ ಆ ಮಣ್ಣಿನ ವಾಸನೆ ನನಗೆ ಇವತ್ತಿಗೂ ಇಷ್ಟ.

ಊರಿಗೆ ವಾಪಸ್ ಬಂದ ಮೇಲೆ ಸರ್ ಪರಿಚಯ ಆಯಿತು. ಅವರು ಮಿಲಿಟರಿಯಿಂದ ರಿಟೈರ್ ಆದವರು. ಸರ್ವಿಸ್‌ನಲ್ಲಿ ಬಾಕ್ಸಿಂಗ್, ಜೂಡೋ ಎರಡೂ ಆಡಿದ್ದಾರೆ. ಪರಿಚಯದವರ ಹಳೇ ಕಾಫಿ ಗೋಡೌನ್ ಕೇಳಿಕೊಂಡು, ಸೆಕೆಂಡ್ ಹ್ಯಾಂಡ್ ಮ್ಯಾಟ್ ಹಾಸಿ, ಹುಡುಗರಿಗೆ ಹೇಳಿಕೊಡುತ್ತಿದ್ದರು. ಫೈಟ್ ನಡೆಯುವ, ಸುತ್ತ ಬಲೆ ಕಟ್ಟಿದ ಕೇಜ್ ಇಲ್ಲ. ಒಂದು ಕಡೆ ಗೋಡೆಗೆ ದಪ್ಪ ಫೋಮ್ ಹೊಡೆದು ಮೇಲೆ ಟಾರ್ಪಾಲ್ ಎಳೆದಿದ್ದಾರೆ. ನಮಗೆ ಅದೇ ಕೇಜ್. ಕುಯ್ಲಿನ ಕಾಲದಲ್ಲಿ ಕಾಫಿ ಮೂಟೆ ಬಂದು ತುಂಬಿಕೊಂಡರೆ ಮ್ಯಾಟ್ ಸುತ್ತಿಟ್ಟು, ಹೊರಗೆ ಕಣದಲ್ಲಿ ಪ್ಯಾಡ್ ಹೊಡೆಯುತ್ತೇವೆ. ಆಗ ಮೂಟೆ ಹೊರುವುದೇ ನಮ್ಮ ವೆಯ್ಟ್ ಟ್ರೈನಿಂಗ್. 50 ಕೆಜಿ ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದರೆ ಸೊಂಟಕ್ಕೆ ಬರುವ ಗಟ್ಟಿತನವೇ ಬೇರೆ.

ಗೊತ್ತಿಲ್ಲದವರಿಗೆ ಆಟದ ಬಗ್ಗೆ ಎರಡು ಮಾತು. ಎಂಎಂಎ ಅಂದರೆ ಗುದ್ದು, ಒದೆ, ಕುಸ್ತಿ, ನೆಲದ ಮೇಲಿನ ಹಿಡಿತ ಎಲ್ಲ ಒಟ್ಟಿಗೆ. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಈ ಆಟದ ದೊಡ್ಡ ಸಂಸ್ಥೆ ಯುಎಫ್‌ಸಿ ಶುರುವಾದಾಗ ನಿಯಮ ಅಂತ ಇದ್ದದ್ದು ಬಹಳ ಕಮ್ಮಿ. ತೂಕದ ವಿಭಾಗವೂ ಇರಲಿಲ್ಲ. ಇವತ್ತು ಹಾಗಿಲ್ಲ. ಕಣ್ಣಿಗೆ ಕೈ ಹಾಕುವಂತಿಲ್ಲ, ತಲೆ ಹಿಂಭಾಗಕ್ಕೆ, ಬೆನ್ನುಮೂಳೆಗೆ ಹೊಡೆಯುವಂತಿಲ್ಲ. ಪ್ರೊಫೆಷನಲ್‌ನಲ್ಲಿ ಸಾಮಾನ್ಯವಾಗಿ ಐದು ನಿಮಿಷದ ಮೂರು ರೌಂಡ್, ಚಾಂಪಿಯನ್‌ಶಿಪ್ ಆದರೆ ಐದು ರೌಂಡ್. ನಾವು ಅಮೆಚೂರ್‌ಗಳು ಆಡುವುದು ಮೂರು ನಿಮಿಷದ ಮೂರು ರೌಂಡ್. ಕಾಲಿಗೆ ಶಿನ್ ಗಾರ್ಡ್ ಇರುತ್ತೆ, ಮೊಣಕೈಯಲ್ಲಿ ಹೊಡೆಯುವಂತಿಲ್ಲ. ಸಾಕು ಅನಿಸಿದರೆ ಎದುರಾಳಿಯ ಮೈಗೋ ನೆಲಕ್ಕೋ ಕೈ ತಟ್ಟಿದರೆ ಆಯಿತು, ರೆಫರಿ ಅಲ್ಲಿಗೇ ನಿಲ್ಲಿಸುತ್ತಾರೆ.

ನನ್ನ ಮೊದಲ ಫೈಟ್ ಬೆಂಗಳೂರಿನಲ್ಲಿ. ಅಲ್ಲಿ ನಾನು ಕೈ ತಟ್ಟಿ ಹೊರಗೆ ಬಂದೆ. ಅದರ ಕಾರಣ ತಿಳಿದುಕೊಳ್ಳಲು ಕುಸ್ತಿ ಸ್ವಲ್ಪ ಗೊತ್ತಿರಬೇಕು. ಮಣ್ಣಿನ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಆಟ ಮುಗಿಯಿತು. ಹಾಗಾಗಿ ಕೆಳಗೆ ಬೀಳುತ್ತಿದ್ದೇನೆ ಅನಿಸಿದ ಕೂಡಲೇ ಕುಸ್ತಿಯವನ ಮೈ ತಾನಾಗಿಯೇ ಹೊಟ್ಟೆ ಕಡೆಗೆ ತಿರುಗುತ್ತದೆ. ಬೆನ್ನು ಮೇಲೆ, ಎದೆ ಕೆಳಗೆ. ಗರಡಿಯಲ್ಲಿ ಅದು ಸರಿಯಾದ ಬುದ್ಧಿ. ಎಂಎಂಎಯಲ್ಲಿ ಬೆನ್ನು ಕೊಡುವುದು ಅಂದರೆ ಕುತ್ತಿಗೆ ಕೊಟ್ಟ ಹಾಗೆ. ಎದುರಾಳಿ ಬೆನ್ನ ಮೇಲೆ ಹತ್ತುತ್ತಾನೆ, ಎರಡು ಕಾಲನ್ನೂ ನಮ್ಮ ತೊಡೆಗೆ ಕೊಕ್ಕೆ ಹಾಕುತ್ತಾನೆ, ಒಂದು ಕೈ ಗದ್ದದ ಕೆಳಗೆ ತೂರಿಸುತ್ತಾನೆ. ಇದಕ್ಕೆ ರಿಯರ್ ನೇಕೆಡ್ ಚೋಕ್ ಅಂತಾರೆ. ಉಸಿರು ಕಟ್ಟುತ್ತೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನಿಜವಾಗಿ ಅದು ಒತ್ತುವುದು ಕುತ್ತಿಗೆಯ ಎರಡು ಪಕ್ಕದ ರಕ್ತನಾಳವನ್ನು. ಸರಿಯಾಗಿ ಕೂತರೆ ಹತ್ತು ಸೆಕೆಂಡ್‌ನೊಳಗೆ ಪ್ರಜ್ಞೆ ಹೋಗುತ್ತದೆ.

ಅವತ್ತು ರಾತ್ರಿ ಬಸ್ಸಿನಲ್ಲಿ ನನಗೆ ಮಾತೇ ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ ಸರ್ ಸಮಾಧಾನವೂ ಮಾಡಲಿಲ್ಲ, ಬೈಯಲೂ ಇಲ್ಲ. ಬಸ್ ಹುಣಸೂರು ದಾಟಿದ ಮೇಲೆ ಕೇಳಿದರು, "ಅವನು ಕೈ ಹಾಕಿದಾಗ ನಿನ್ನ ಎಡಗೈ ಎಲ್ಲಿತ್ತು?"

"ನೆಲದ ಮೇಲೆ, ಸರ್."

"ಯಾಕೆ?"

"ಏಳೋಣ ಅಂತ ಊರಿದ್ದೆ."

"ಹಾಗಾದ್ರೆ ಕುತ್ತಿಗೆ ಕಾಯೋಕೆ ಯಾರಿದ್ರು? ನಾಳೆ ಅಲ್ಲಿಂದ ಶುರು ಮಾಡೋಣ."

ಅಷ್ಟೇ. ಎದೆಯ ಮೇಲೆ ಕೂತಿದ್ದ ಭಾರ ಅಷ್ಟರಲ್ಲೇ ಅರ್ಧ ಇಳಿಯಿತು ಅಂತ ಹೇಳಿದರೆ ನಂಬುತ್ತೀರೋ ಇಲ್ಲವೋ. ಅಲ್ಲಿವರೆಗೆ ತಲೆಯಲ್ಲಿ ಓಡುತ್ತಿದ್ದದ್ದು "ನಾನು ಸೋತೆ, ನನ್ನ ಕೈಲಾಗಲ್ಲ" ಅನ್ನುವ ದೊಡ್ಡ ಮಾತು. ದೊಡ್ಡ ಮಾತಿಗೆ ಪ್ರಾಕ್ಟೀಸ್ ಮಾಡೋಕೆ ಆಗಲ್ಲ. ಎಡಗೈ ನೆಲದ ಮೇಲಿತ್ತು ಅನ್ನುವುದಕ್ಕೆ ಮಾಡಬಹುದು. ನಾಳೆ ಬೆಳಗ್ಗೆಯೇ ಮಾಡಬಹುದು.

ಅದಾದ ಮೇಲೆ ಒಂದು ನೋಟ್‌ಬುಕ್ ಇಟ್ಟೆ. ಸರ್ ಹಾಕಿದ ನಿಯಮ ಒಂದೇ. "ಚೆನ್ನಾಗಿತ್ತು", "ಕೆಟ್ಟದಾಗಿತ್ತು" ಅಂತ ಬರೆಯುವಂತಿಲ್ಲ. ಕೈ ಎಲ್ಲಿತ್ತು, ತಲೆ ಯಾವ ಕಡೆ ಇತ್ತು, ಸೊಂಟ ಎಷ್ಟು ದೂರ ಇತ್ತು, ಅಷ್ಟು ಬರೆಯಬೇಕು. ಬೇಜಾರಾದರೆ ಆಗಲಿ, ಅದಕ್ಕೆ ಯಾರೂ ಬೇಡ ಅನ್ನಲ್ಲ. ಆದರೆ ಬೇಜಾರನ್ನು ಪುಸ್ತಕಕ್ಕೆ ತರಬಾರದು. "ಬಲಗಡೆ ಅಂಡರ್‌ಹುಕ್ ಸಿಕ್ಕಿತು, ಆದರೆ ಹಣೆ ಕೆಳಗಿತ್ತು, ಅದಕ್ಕೇ ಮತ್ತೆ ಎಳೆದು ಕೆಡವಿದ." ಇಂಥ ಸಾಲುಗಳು. (ಅಂಡರ್‌ಹುಕ್ ಅಂದರೆ ಎದುರಾಳಿಯ ಕಂಕುಳ ಕೆಳಗೆ ಕೈ ಹಾಕಿ ಹಿಡಿಯುವುದು.) ತಿರುಗಿ ಓದಿದಾಗ ನನ್ನನ್ನು ಬೈಯುವ ಒಂದು ಅಕ್ಷರವೂ ಅದರಲ್ಲಿ ಕಾಣಿಸುವುದಿಲ್ಲ. ಕೆಲಸದ ಪಟ್ಟಿ ಮಾತ್ರ ಕಾಣಿಸುತ್ತದೆ.

ಆ ಮಳೆಗಾಲ ಪೂರ್ತಿ ನಾನು ಎರಡೇ ಜಾಗದಿಂದ ಶುರು ಮಾಡಿದೆ. ಒಂದು, ಬೆನ್ನ ಮೇಲೆ ಎದುರಾಳಿ ಇರುವಾಗ. ಇನ್ನೊಂದು, ಗೋಡೆಯ ಬುಡದಲ್ಲಿ ಕೆಳಗೆ ಸಿಕ್ಕಿಕೊಂಡಿರುವಾಗ. ಮೊದಲನೆಯದರಲ್ಲಿ ಕಲಿಯಬೇಕಾದದ್ದು ತಾಳ್ಮೆ. ನಮ್ಮ ಎರಡೂ ಕೈಯಿಂದ ಅವನ ಒಂದೇ ಕೈ ಹಿಡಿಯಬೇಕು, ಚೋಕ್ ಹಾಕಲು ಬರುವ ಕೈಯನ್ನು. ಗದ್ದ ಒತ್ತಿಕೊಂಡರೆ ಸಾಕು ಅಂತ ಸುಮಾರು ಜನ ಅಂದುಕೊಳ್ಳುತ್ತಾರೆ. ಸಾಲದು, ಗಟ್ಟಿ ಕೈಯವನು ಗದ್ದದ ಮೇಲೆಯೇ ಒತ್ತಿ ದವಡೆ ನೋಯಿಸಿ ಒಳಗೆ ಬರುತ್ತಾನೆ. ಆ ಕೈಯನ್ನು ಹೆಗಲ ಆಚೆ ದಾಟಿಸಿ, ನಮ್ಮ ಭುಜ ನೆಲಕ್ಕೆ ತಾಗಿಸಿ, ಅವನ ಕಡೆಗೇ ತಿರುಗಬೇಕು. ಗರಡಿಯಲ್ಲಿ ಯಾವುದನ್ನು ಮಾಡಲೇಬಾರದು ಅಂತ ಮೈ ಕಲಿತಿತ್ತೋ, ಇಲ್ಲಿ ಅದೇ ಬಿಡಿಸಿಕೊಳ್ಳುವ ದಾರಿ. ಬೆನ್ನನ್ನು ನೆಲಕ್ಕೆ ಕೊಡು ಅಂದರೆ ಮೈ ಒಪ್ಪುವುದಿಲ್ಲ. ಒಪ್ಪುವವರೆಗೂ ಮಾಡಿದೆ.

ಗೋಡೆಯ ಕೆಲಸ ನನಗೆ ಇನ್ನೂ ಇಷ್ಟ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೆಳಗೆ ಬಿದ್ದ ಕೂಡಲೇ ಮೊದಲು ಚಪ್ಪಟೆ ಮಲಗದೆ ಒಂದು ಮೊಣಕೈ ಊರಬೇಕು. ಅಲ್ಲಿಂದ ಸೊಂಟವನ್ನು ಹಿಂದಕ್ಕೆ ಸರಿಸುತ್ತಾ ಗೋಡೆಗೆ ತಾಗಿಸಬೇಕು, ಒಂದೇ ಸಲಕ್ಕೆ ಅಲ್ಲ, ಸ್ವಲ್ಪ ಸ್ವಲ್ಪವಾಗಿ. ಬೆನ್ನಿಗೆ ಗೋಡೆ ಸಿಕ್ಕಿತು ಅಂದರೆ ಅರ್ಧ ಎದ್ದ ಹಾಗೆ, ಯಾಕೆಂದರೆ ಇನ್ನು ಅವನು ನಮ್ಮನ್ನು ಪೂರ್ತಿ ಮಲಗಿಸಲಾರ. ಆಮೇಲೆ ಒಂದು ಕೈ ಅವನ ಕಂಕುಳ ಕೆಳಗೆ ಹೋಗಬೇಕು. ಇದೇ ಅಂಡರ್‌ಹುಕ್. ಇನ್ನೊಂದು ಕೈ ಅವನ ಮಣಿಕಟ್ಟಿಗೆ, ಯಾಕೆಂದರೆ ಅವನ ಎರಡು ಕೈ ನಮ್ಮ ತೊಡೆಯ ಹಿಂದೆ ಕೂಡಿಕೊಂಡರೆ ಮತ್ತೆ ಎಳೆದು ಕೆಡವುತ್ತಾನೆ. ನಮ್ಮ ತಲೆ ಅವನ ಗದ್ದದ ಕೆಳಗೆ ಇರಬೇಕು, ಮೇಲಕ್ಕೆ ಒತ್ತುತ್ತಿರಬೇಕು. ಕಾಲು ಮಡಚಿ ಒಂದು ಪಾದ ಊರಿ, ಗೋಡೆಗೆ ಬೆನ್ನು ಉಜ್ಜುತ್ತಾ ಏಳಬೇಕು. ಎದ್ದ ಮೇಲೂ ಕೆಲಸ ಮುಗಿಯುವುದಿಲ್ಲ. ಅವನನ್ನು ತಿರುಗಿಸಿ ಗೋಡೆಗೆ ಹಾಕಬೇಕು, ಇಲ್ಲವೇ ದೂಡಿ ಹೊರಗೆ ಬರಬೇಕು. ಹೇಳೋಕೆ ಒಂದು ಪ್ಯಾರಾ. ಮೇಲೆ 70 ಕೆಜಿ ಹುಡುಗ ಕೂತು ಮುಖಕ್ಕೆ ತಟ್ಟುತ್ತಿರುವಾಗ ಇದರಲ್ಲಿ ಒಂದು ಹೆಜ್ಜೆ ತಪ್ಪಿದರೂ ಮತ್ತೆ ಮೊದಲಿಂದ.

ಜೊತೆಗಾರ ಪಿರಿಯಾಪಟ್ಟಣದ ಕಡೆಯವನು, ನನಗಿಂತ ಭಾರ. ಅವನಿಗೆ ನಾನು ಋಣಿ. ಎಷ್ಟೋ ಸಂಜೆ ಅವನು ತನ್ನ ಆಟ ಬಿಟ್ಟು ನನ್ನ ಮೇಲೆ ಕೂರುವುದೇ ಕೆಲಸ ಮಾಡಿಕೊಂಡಿದ್ದ. ಸುಮ್ಮನೆ ಬಿಟ್ಟುಕೊಡುತ್ತಿರಲಿಲ್ಲ. ನಾನು ಸರಿಯಾಗಿ ಎದ್ದರೆ "ಈಗ ಬಂತು ನೋಡು" ಅನ್ನುವನು, ಸುಳ್ಳು ಬಲದಿಂದ ಎದ್ದರೆ "ಇದು ಲೆಕ್ಕಕ್ಕಿಲ್ಲ, ಮಲಗು" ಅನ್ನುವನು. ಈ ಆಟದಲ್ಲಿ ಒಬ್ಬನೇ ಬೆಳೆಯಲು ಆಗುವುದೇ ಇಲ್ಲ. ನಿಮ್ಮನ್ನು ಸೋಲಿಸಲು ಮನಸ್ಸಿಟ್ಟು ಪ್ರಯತ್ನ ಪಡುವ ಗೆಳೆಯ ಬೇಕು.

ತಲೆಗೆ ಜೋರಾಗಿ ಹೊಡೆಯುವುದು ಮಾತ್ರ ನಮ್ಮಲ್ಲಿ ಇಲ್ಲ. ಸ್ಪಾರಿಂಗ್‌ನಲ್ಲಿ ಮುಖಕ್ಕೆ ತಾಗಿಸಿದರೆ ಸಾಕು, ಗುದ್ದಬೇಕಾಗಿಲ್ಲ. ಕೆಲವು ಕಡೆ ದಿನಾ ಫೈಟ್ ತರಹವೇ ಹೊಡೆದಾಡಿಸಿ ಅದನ್ನು ಗಟ್ಟಿತನ ಅಂತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮಿದುಳಿಗೆ ಬಿದ್ದ ಏಟು ಕಾಲಿನ ಏಟಿನ ಹಾಗೆ ಎಣ್ಣೆ ಹಚ್ಚಿದರೆ ಹೋಗುವಂಥದ್ದಲ್ಲ.

ಮಳೆಯ ಬಗ್ಗೆ ಹೇಳಲೇಬೇಕು. ಜೂನ್‌ನಿಂದ ನಮ್ಮ ಕಡೆ ಬಟ್ಟೆ ಒಣಗುವುದಿಲ್ಲ, ಕರೆಂಟ್ ಇರುವುದಿಲ್ಲ. ಬ್ಯಾಟರಿ ದೀಪ ಇಟ್ಟುಕೊಂಡು ಎಷ್ಟೋ ಸಂಜೆ ಪ್ರಾಕ್ಟೀಸ್ ಮಾಡಿದ್ದೇವೆ. ಮ್ಯಾಟ್‌ಗೆ ಬೂಸ್ಟು ಹತ್ತುತ್ತದೆ. ಒಬ್ಬನಿಗೆ ಹುಳುಕಡ್ಡಿ ಬಂದರೆ ವಾರದಲ್ಲಿ ಎಲ್ಲರಿಗೂ. ಅದಕ್ಕೆ ದಿನಾ ಆಟ ಮುಗಿದ ಮೇಲೆ ಮ್ಯಾಟ್ ಒರೆಸಲೇಬೇಕು, ಮನೆಗೆ ಹೋದ ಕೂಡಲೇ ಸ್ನಾನ ಮಾಡಲೇಬೇಕು. ಅಮ್ಮ ನನ್ನ ಬಟ್ಟೆಯನ್ನು ಬಚ್ಚಲು ಮನೆಯ ಹಂಡೆ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದರು. ಹಾಕಿಕೊಂಡರೆ ಹೊಗೆ ವಾಸನೆ. ಬೆಳಗ್ಗೆ ಮಳೆ ಬಿಟ್ಟರೆ ತೋಟದ ಏರು ರಸ್ತೆಯಲ್ಲಿ ಓಟ, ಬಿಸಿಲು ಸಿಕ್ಕ ಭಾನುವಾರ ಕೋಟೆಬೆಟ್ಟ. ಜಿಗಣೆ ಕಚ್ಚಿದ್ದು ಕೆಳಗೆ ಇಳಿದ ಮೇಲೆ ಗೊತ್ತಾಗುವುದು.

ಅಮ್ಮನಿಗೆ ಈ ಆಟ ಮೊದಲು ಸ್ವಲ್ಪವೂ ಹಿಡಿಸಲಿಲ್ಲ. ಎಡಗಿವಿ ಊದಿ ಗಟ್ಟಿಯಾದ ದಿನ ಮುಟ್ಟಿ ಮುಟ್ಟಿ ನೋಡಿ, "ಹೊಡೆಸ್ಕೊಳ್ಳೋಕೆ ನಿನ್ನ ಸಾಕಿದ್ನೇನೋ ಮಗಾ" ಅಂದರು. ಉತ್ತರ ಕೊಟ್ಟದ್ದು ಅಜ್ಜ. ಚಿಕ್ಕ ವಯಸ್ಸಿನಲ್ಲಿ ಮೈಸೂರು ದಸರಾಕ್ಕೆ ಹೋಗಿ ಅರಮನೆ ಅಂಗಳದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನೋಡಿದವರು. ವಿಜಯದಶಮಿ ದಿನ ಇವತ್ತಿಗೂ ಅದು ನಡೆಯುತ್ತದೆ, ರಕ್ತ ಕಂಡ ಕೂಡಲೇ ನಿಲ್ಲಿಸುತ್ತಾರೆ. "ಅದು ಜಗಳ ಅಲ್ಲ ಕಣಮ್ಮ, ವಿದ್ಯೆ. ಕಲೀಲಿ ಬಿಡು" ಅಂದರು. ಆಮೇಲೆ ಒಂದು ಸಂಜೆ ಅಮ್ಮ ಗೋಡೌನ್‌ಗೇ ಬಂದರು. ಮೂಟೆ ಮೇಲೆ ಕೂತು ಪೂರ್ತಿ ನೋಡಿದರು. ನಾವು ಪ್ರತಿ ರೌಂಡ್ ಮುಗಿದಾಗ ಒಬ್ಬರನ್ನೊಬ್ಬರು ಎತ್ತಿ ನಿಲ್ಲಿಸುವುದನ್ನು ನೋಡಿದ ಮೇಲೆ ಅವರ ಹೆದರಿಕೆ ಕಮ್ಮಿ ಆಯಿತು ಅಂತ ಕಾಣುತ್ತೆ. ಈಗ ಕೇಳುವುದು "ತಿಂದ್ಯಾ?" ಅಂತ ಮಾತ್ರ.

ತಿನ್ನುವ ವಿಷಯ ಅಷ್ಟು ಸುಲಭದ್ದಲ್ಲ. ನಾನು ಆಡುವುದು ಬ್ಯಾಂಟಮ್‌ವೇಟ್ ಅನ್ನುವ ತೂಕದ ವಿಭಾಗದಲ್ಲಿ, ಮಿತಿ 61.2 ಕೆಜಿ. ಸುಮ್ಮನಿದ್ದರೆ ನನ್ನ ತೂಕ 66ರ ಆಸುಪಾಸು. ಕೊನೆಯ ಎರಡು ದಿನ ನೀರು ಬಿಟ್ಟು, ಬೆವರು ಸುರಿಸಿ ಐದು ಕೆಜಿ ಇಳಿಸುವವರು ಬಹಳ ಜನ ಇದ್ದಾರೆ. ಸರ್ ಅದಕ್ಕೆ ಬಿಡುವುದೇ ಇಲ್ಲ. 2015ರ ಡಿಸೆಂಬರ್‌ನಲ್ಲಿ ಯಾಂಗ್ ಜಿಯಾನ್ ಬಿಂಗ್ ಅನ್ನುವ ಚೀನಾದ ಫೈಟರ್ ಮನಿಲಾದಲ್ಲಿ ತೂಕ ಇಳಿಸಲು ಹೋಗಿ ತೀರಿಕೊಂಡರು. ವಯಸ್ಸು ಬರೀ 21. ಅದಾದ ಮೇಲೆ ಆ ಸಂಸ್ಥೆ, ಒನ್ ಚಾಂಪಿಯನ್‌ಶಿಪ್, ನೀರು ಬಿಟ್ಟು ತೂಕ ಇಳಿಸುವುದನ್ನೇ ನಿಲ್ಲಿಸುವ ಹಾಗೆ ನಿಯಮ ಬದಲಿಸಿತು. ನನ್ನ ವಯಸ್ಸಿನ ಹುಡುಗ, ತೂಕದ ಯಂತ್ರದ ಮುಂದೆ ಹೋದ ಜೀವ. ಆಟ ಕಲಿಯುವ ಎಲ್ಲರಿಗೂ ಈ ಹೆಸರು ಗೊತ್ತಿರಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಹಾಗಾಗಿ ನಾನು ನಿಧಾನವಾಗಿ ಇಳಿಸಿದೆ. ಬೆಳಗ್ಗೆ ಮೊಟ್ಟೆ ಜೊತೆ ಒಂದೇ ಅಕ್ಕಿ ರೊಟ್ಟಿ, ಮಧ್ಯಾಹ್ನ ಮುದ್ದೆ, ಹುರುಳಿ ಸಾರು, ಸೊಪ್ಪು, ರಾತ್ರಿ ಅನ್ನ ಕಮ್ಮಿ, ಕೋಳಿ ಇಲ್ಲವೇ ಮೀನು. ಕಷ್ಟ ಆದದ್ದು ಸೆಪ್ಟೆಂಬರ್ 3ರಂದು, ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತದ ದಿನ. ಗೆಳೆಯನ ಮನೆಯಲ್ಲಿ ಕಡಂಬುಟ್ಟು (ಅಕ್ಕಿ ಕಡುಬು), ಪಂದಿ ಕರಿ (ಹಂದಿ ಮಾಂಸದ ಸಾರು). ಅವರ ಅಮ್ಮನಿಗೆ ಬೇಡ ಅನ್ನೋಕೆ ಬಾಯಿ ಬರುತ್ತಾ? ಎರಡು ಕಡಂಬುಟ್ಟು ತಿಂದೆ, ಸಂಜೆ ಇನ್ನೊಂದು ಸುತ್ತು ಓಡಿದೆ. ಫೈಟ್ ದಿನ ಬೆಳಗ್ಗೆ ತೂಕಕ್ಕೆ ನಿಂತಾಗ ಬಾಯಿ ಒಣಗಿರಲಿಲ್ಲ, ತಲೆ ತಿರುಗುತ್ತಿರಲಿಲ್ಲ.

ಎರಡನೇ ಫೈಟ್‌ನಲ್ಲಿ ಮೊದಲ ರೌಂಡ್ ನಿಂತೇ ಕಳೆಯಿತು. ಎದುರಾಳಿ ಉದ್ದ ಕೈಯವನು. ಅವನ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಗುದ್ದು, ತಾಗುತ್ತಿತ್ತು, ಒಂದೆರಡು ಸಲ ಮೀನಖಂಡಕ್ಕೂ ಒದ್ದ. ಎರಡನೇ ರೌಂಡ್ ಶುರುವಿನಲ್ಲೇ ಎರಡೂ ಕಾಲಿಗೆ ಕೈ ಹಾಕಿ ನನ್ನನ್ನು ಎತ್ತಿ ಕೇಜ್ ಬುಡಕ್ಕೆ ಹಾಕಿದ. ಹೊರಗಿನಿಂದ ನೋಡಿದವರಿಗೆ ನಾನು ಸೋಲುತ್ತಿದ್ದೇನೆ ಅನಿಸಿರಬೇಕು. ನನಗೆ ಅನಿಸಿದ್ದು ಬೇರೆ. ಈ ಜಾಗ ಗೊತ್ತು ಅನಿಸಿತು. ಕೆಳಗೆ ಬಿದ್ದ ಆ ಕ್ಷಣದಲ್ಲಿ ನನ್ನೊಳಗೆ ಒಂದು ಖುಷಿ ಎದ್ದಿತು, ಇದನ್ನು ನಾನು ಕಾಯುತ್ತಿದ್ದೆ ಅನ್ನುವ ಹಾಗೆ. ಮೊಣಕೈ ಊರಿದೆ. ಸೊಂಟ ಸರಿಸಿದೆ. ಅವನು ಬೆನ್ನಿಗೆ ಬರಲು ನೋಡಿದ, ನನ್ನ ಮೈ ಹೊಟ್ಟೆ ಕಡೆಗೆ ತಿರುಗಲಿಲ್ಲ. ಮಣಿಕಟ್ಟು ಸಿಕ್ಕಿತು. ಮೂಲೆಯಿಂದ ಸರ್ ಕೂಗಿದ್ದು ಒಂದೇ ಮಾತು, "ಹಣೆ!" ಹಣೆ ಎತ್ತಿ ಅವನ ಗದ್ದಕ್ಕೆ ಒತ್ತಿದೆ, ಎದ್ದೆ, ತಿರುಗಿಸಿ ಅವನನ್ನೇ ಕೇಜ್‌ಗೆ ಹಾಕಿದೆ. ಅದೇ ರೌಂಡ್‌ನಲ್ಲಿ ಇನ್ನೊಮ್ಮೆ ಕೆಡವಿದ, ಇನ್ನೊಮ್ಮೆ ಎದ್ದೆ. ಮೂರನೇ ರೌಂಡ್‌ಗೆ ಅವನ ಕಾಲಲ್ಲಿ ಶಕ್ತಿ ಉಳಿದಿರಲಿಲ್ಲ. ಒಬ್ಬನನ್ನು ಕೆಡವಿ ಹಿಡಿದಿಡುವುದು ಎಷ್ಟು ಸುಸ್ತಿನ ಕೆಲಸ ಅಂತ ಗರಡಿಯಲ್ಲಿ ಆಡಿದವರಿಗೆ ಗೊತ್ತು. ಆ ರೌಂಡ್ ಪೂರ್ತಿ ನಾನು ಮುಂದಕ್ಕೆ ಹೋದೆ, ಕುಸ್ತಿಯ ಪಟ್ಟು ಹಾಕಿ ನಾನೇ ಕೆಡವಿದೆ.

ಈ ಆಟದಲ್ಲಿ ಪ್ರತಿ ರೌಂಡ್‌ಗೂ ಬೇರೆ ಬೇರೆ ಅಂಕ, ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9. ಜಡ್ಜ್‌ಗಳು ಮೊದಲು ನೋಡುವುದು ಯಾರ ಏಟು, ಯಾರ ಪಟ್ಟು ನಿಜವಾಗಿ ಕೆಲಸ ಮಾಡಿತು ಅಂತ. ಸುಮ್ನೆ ಮೇಲೆ ಕೂತಿದ್ದಕ್ಕೆ ರೌಂಡ್ ಸಿಗುವುದಿಲ್ಲ. ಮೂವರಲ್ಲಿ ಇಬ್ಬರು ಜಡ್ಜ್ ನನಗೆ ಕೊಟ್ಟರು. ಗೆದ್ದೆ.

ನಮ್ಮ ದೇಶದವರು ಈ ಆಟದಲ್ಲಿ ಎಲ್ಲಿಗೆ ಮುಟ್ಟಬಹುದು ಅನ್ನುವುದು ಈಗ ಬರೀ ಕನಸಿನ ಮಾತಲ್ಲ. 2024ರ ಜೂನ್‌ನಲ್ಲಿ ಉತ್ತರ ಪ್ರದೇಶದ ಪೂಜಾ ತೋಮರ್ ಅಮೆರಿಕದ ಲೂಯಿವಿಲ್‌ನಲ್ಲಿ ಗೆದ್ದು, ಯುಎಫ್‌ಸಿಯಲ್ಲಿ ಫೈಟ್ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಅವರದೂ ಮೂವರಲ್ಲಿ ಇಬ್ಬರು ಜಡ್ಜ್ ಕೊಟ್ಟ ಗೆಲುವೇ. ಅದಕ್ಕೂ ಮುಂಚೆ, 2023ರ ಫೆಬ್ರವರಿಯಲ್ಲಿ ಉತ್ತರಾಖಂಡದ ಅಂಶುಲ್ ಜುಬ್ಲಿ ರೋಡ್ ಟು ಯುಎಫ್‌ಸಿ ಟೂರ್ನಿಯ ಲೈಟ್‌ವೇಟ್ ಗೆದ್ದು ಒಳಗೆ ಹೋದರು. ಅದೇ ವರ್ಷ ಅಬುಧಾಬಿಯಲ್ಲಿ ಮೂರನೇ ರೌಂಡ್‌ನಲ್ಲಿ ನಾಕ್‌ಔಟ್ ಆದರು. ಆದರೂ ಬಿಡದೆ ಮತ್ತೆ ಕೇಜ್‌ಗೆ ಇಳಿದರು. ನಮ್ಮ ಗೋಡೌನ್ ಹುಡುಗರು ಅವರ ಗೆಲುವಿನ ವಿಡಿಯೋವನ್ನು ನೋಡುವಷ್ಟೇ ಸಲ ಸೋಲಿನ ವಿಡಿಯೋವನ್ನೂ ನೋಡುತ್ತೇವೆ, ನಿಲ್ಲಿಸಿ ನಿಲ್ಲಿಸಿ, ಕೈ ಎಲ್ಲಿತ್ತು ಅಂತ.

ಗೆದ್ದ ರಾತ್ರಿಯೂ ಬಸ್ಸಿನಲ್ಲಿ ಸರ್ ಕೇಳಿದ್ದು ಅಂಥದ್ದೇ ಪ್ರಶ್ನೆ. ಮೊದಲ ರೌಂಡ್‌ನಲ್ಲಿ ಒದೆ ಬಿದ್ದಾಗ ಭಾರ ಯಾವ ಕಾಲ ಮೇಲಿತ್ತು? ಮುಂದಿನ ಕಾಲ ಮೇಲೆ, ಸರ್. ಮರುದಿನ ಎಡ ಮೀನಖಂಡ ಊದಿತ್ತು, ಮೆಟ್ಟಿಲು ಇಳಿಯಲು ಕಷ್ಟ ಆಯಿತು. ಆ ಒದೆ ಇನ್ನೂ ನಾಲ್ಕು ಬಿದ್ದಿದ್ದರೆ ಮೂರನೇ ರೌಂಡ್‌ಗೆ ನಾನು ನಿಲ್ಲುತ್ತಿರಲಿಲ್ಲ. ಹಾಗಾಗಿ ಈಗ ಕೆಲಸ ನಡೆಯುತ್ತಿರುವುದು ಕಾಲಿನ ಮೇಲೆ. ಕುಸ್ತಿಯವರು ಮುಂದಿನ ಕಾಲಿಗೆ ಭಾರ ಹಾಕಿ ಬಾಗಿ ನಿಲ್ಲುತ್ತಾರೆ, ಒದೆ ತಡೆಯಲು ಆ ಕಾಲು ಹಗುರ ಇರಬೇಕು. ಎರಡನ್ನೂ ಒಟ್ಟಿಗೆ ಹೇಗೆ ಇಟ್ಟುಕೊಳ್ಳುವುದು ಅಂತ ಕಲಿಯುತ್ತಿದ್ದೇನೆ. ಪಿರಿಯಾಪಟ್ಟಣದ ಗೆಳೆಯ ಶಿನ್ ಗಾರ್ಡ್ ಕಟ್ಟಿಕೊಂಡು ನಿಧಾನವಾಗಿ ಒದೆಯುತ್ತಾನೆ, ನಾನು ಕಾಲು ಎತ್ತಿ ಮೊಣಕಾಲು ಹೊರಕ್ಕೆ ತಿರುಗಿಸಿ ತಡೆಯುತ್ತೇನೆ. ಇನ್ನೂ ಹತ್ತರಲ್ಲಿ ನಾಲ್ಕು ಒಳಗೆ ಬರುತ್ತಿವೆ. ಕುಯ್ಲು ಶುರುವಾಗುವ ಮುಂಚೆ ಅದನ್ನು ಎರಡಕ್ಕೆ ಇಳಿಸಬೇಕು, ಆಮೇಲೆ ಗೋಡೌನ್ ಮೂಟೆಗಳ ಪಾಲು.